ಬೆನ್ನೋ ಹೊಟ್ಟೆಯೋ ಎಂದು ಕೇಳಿದ ವರ್ಷ

ಹೋದ ತಿಂಗಳು ಹರಪನಹಳ್ಳಿಯಲ್ಲಿ ನೆಂಟರ ಮನೆಗೆ ಬಾಣಂತಿಯನ್ನು ನೋಡಲು ಹೋಗಿದ್ದೆ. ಹೊಸ್ತಿಲು ದಾಟುವಷ್ಟರಲ್ಲಿ ಒಳಗೆ ಹಂಚಿನ ಮೇಲೆ ಕಲ್ಲುಪ್ಪು ಚಟಪಟ ಸಿಡಿಯುವ ಸದ್ದು, ಅದರ ಜೊತೆಗೆ ಅಜವಾನ ಹುರಿದ ಘಾಟು. ಅಜ್ಜಿಯೊಬ್ಬಳು ಬಾಣಂತಿಯ ಸೊಂಟಕ್ಕೆ ಕಾವು ಕೊಡಲು ಆ ಉಪ್ಪನ್ನು ಹಳೇ ಸೀರೆಯ ತುಂಡಿಗೆ ಸುರಿದು ಗಂಟು ಕಟ್ಟುತ್ತಿದ್ದಳು. ಕೂಸಿಗೆಂದು ತಂದಿದ್ದ ಅಂಗಿಯನ್ನು ಕೈಯಲ್ಲೇ ಹಿಡಿದುಕೊಂಡು ನಾನು ಹೊರಗೆ ಕಟ್ಟೆಗೆ ಬಂದು ಕೂತುಬಿಟ್ಟೆ.

"ಯಾಕಕ್ಕಾ, ಘಾಟು ಹತ್ತಿತೇನು?" ಎಂದು ಒಳಗಿನಿಂದ ಕೇಳಿದರು. ಹೂಂ ಎಂದೆ. ಹತ್ತಿದ್ದು ಘಾಟಲ್ಲ, ಒಂದು ಇಡೀ ವರ್ಷ.

ನನ್ನನ್ನು ಈ ಸೀಮೆಯಲ್ಲಿ ಸೀರೆ ಕೊಟ್ರಮ್ಮ ಎನ್ನುತ್ತಾರೆ. ಈಗ ಕೊಟ್ಟೂರಿನ ಪೇಟೆಯಲ್ಲಿ ಅಂಗಡಿ ಇದೆ. ಆಗ ಇದ್ದದ್ದು ಗಂಟು ಒಂದೇ. ಹರಪನಹಳ್ಳಿ ಹತ್ತಿರದ ಅರಸೀಕೆರೆ, ತೆಲಿಗಿ, ಕೂಡ್ಲಿಗಿ ಕಡೆಯ ಹಟ್ಟಿಗಳು ನನ್ನ ಊರುಗಳು. ಗಂಟನ್ನು ಬಸ್ಸಿನ ಮೇಲೇರಿಸುವುದು, ಇಳಿಸಿಕೊಳ್ಳುವುದು, ತಲೆಯ ಮೇಲಿಟ್ಟು ನಡೆಯುವುದು, ಯಾರದೋ ಪಡಸಾಲೆಯಲ್ಲಿ ಬಿಚ್ಚುವುದು, ಒಂದೂ ಹೋಗದಿದ್ದರೆ ನಗುತ್ತಲೇ ಮಡಚುವುದು. ಯಾರಿಗೆ ಯಾವ ಬಣ್ಣ ಮೊದಲು ತೋರಿಸಬೇಕು, ಯಾರಿಗೆ ಕೊನೆಗೆ ತೋರಿಸಬೇಕು ಎಂಬುದನ್ನು ಯಾರೂ ಕಲಿಸಲಿಲ್ಲ, ಬಿಸಿಲಲ್ಲಿ ನಿಂತು ಕಲಿತೆ. ನಮ್ಮ ಮನೆಯವರು ಟೇಲರ್. ನಾನು ಸೀರೆ ಮಾರಿದ ಮನೆಯ ಕುಬಸದ ಬಟ್ಟೆ ಅವರ ಮಿಷನ್ನಿಗೆ ಬರುತ್ತಿತ್ತು. ಮನೆಯಲ್ಲಿ ಮೂರನೆಯವಳು ಅತ್ತೆ ನೀಲಮ್ಮ. ನನ್ನ ಅಪ್ಪನ ಅಕ್ಕನೇ ಆದ್ದರಿಂದ ನಮ್ಮ ನಡುವೆ ರೀ–ಗೀ ಇರಲಿಲ್ಲ. ಬಾಣಂತನ ಮಾಡುವುದರಲ್ಲಿ ಅವಳದು ದೊಡ್ಡ ಹೆಸರು. ನಮ್ಮ ಓಣಿಯಲ್ಲಿ ಅವಳ ಕಾವು ತಿನ್ನದೆ ಎದ್ದ ಬಾಣಂತಿ ಇರಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ ನನ್ನ ಎಡ ಎದೆಯಲ್ಲಿ ಹುಣಸೆಬೀಜದಂಥ ಗಂಟು ಸಿಕ್ಕಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು. ಎದೆ ತೆಗೆಯಬೇಕು, ಬೇಕಿದ್ದರೆ ಅದೇ ಸಲ ಒಳಗೊಂದು ಸಿಲಿಕಾನ್ ಚೀಲ ಇಟ್ಟು ಹೊಲಿಯಬಹುದು ಎಂದರು. ನಾನು ವ್ಯಾಪಾರದವಳು, ಒಂದೇ ಚಪ್ಪರದಲ್ಲಿ ಎರಡು ಲಗ್ನ ಮುಗಿಯುತ್ತದೆಂದರೆ ಬಿಡುತ್ತೇನೆಯೇ? ಒಪ್ಪಿದೆ. ರೋಗ ಬೇಗ ಸಿಕ್ಕಿದ್ದರಿಂದ ಕರೆಂಟು, ಅಂದರೆ ರೇಡಿಯೇಶನ್, ಕೊಡುವ ಪ್ರಮೇಯ ಬರಲಿಲ್ಲ. ಹೊರಗಿನಿಂದ ನೋಡಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಚರ್ಮಕ್ಕೆ ಇನ್ನು ಮುಟ್ಟಿದ್ದು ತಿಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮುಟ್ಟುವವರು ಯಾರಿದ್ದಾರೆ ಬಿಡ್ರಿ ಎಂದು ನಾನು ನಕ್ಕಿದ್ದೆ. ಮುಟ್ಟುವುದರಲ್ಲಿ ಬೆಂಕಿಯೂ ಸೇರಿದೆ ಎಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಒಂದು ವರ್ಷ ಚೆನ್ನಾಗಿತ್ತು. ಆಮೇಲೆ ಆ ಕಡೆ ಗಟ್ಟಿಯಾಗುತ್ತ ಬಂತು. ಹೊರಗಿನದೊಂದು ವಸ್ತು ಒಳಗೆ ಬಂದರೆ ಮೈ ಅದರ ಸುತ್ತ ಗೋಡೆ ಕಟ್ಟುತ್ತದಂತೆ, ಕೆಲವರಲ್ಲಿ ಆ ಗೋಡೆ ಬಿಗಿಯಾಗುತ್ತದಂತೆ. ನನ್ನದು ತೆಂಗಿನ ಚಿಪ್ಪಿನ ಹಾಗಾಯಿತು. ಪುಷ್ಯದ ಚಳಿಗೆ ಪಕ್ಕೆಯೊಳಗೆ ಸೆಳೆತ. ಒಂದು ಬೆಳಿಗ್ಗೆ ಗಂಟು ಎತ್ತಲಾಗದೆ ಗೋಡೆಗೊರಗಿ ಕೂತಾಗ ಅತ್ತೆ ಒಲೆಯ ಮೇಲೆ ಹಂಚಿಟ್ಟಳು.

"ಥಂಡಿ ಹಿಡದೈತಿ. ಎಳ್ಡು ದಿನ ಕಾವು ಕೊಟ್ರ ಬೆಣ್ಣಿ ಆದಂಗ ಆಗತೈತಿ, ಬಾ."

ಕಾವು ಕೊಡುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿದೆ. ಕೊಡುವವಳು ಬಟ್ಟೆಯನ್ನು ಒಮ್ಮೆ ತನ್ನ ಕೆನ್ನೆಗೆ ಹಿಡಿದು ನೋಡುತ್ತಾಳೆ. ಅದಾದ ಮೇಲೆ ಬಿಸಿಯ ಅಳತೆಯೆಲ್ಲ ಕಾವು ತೆಗೆದುಕೊಳ್ಳುವವಳ ಬಾಯಲ್ಲಿ. ಅವಳು ಸಾಕು ಎನ್ನುವ ತನಕ ಬಟ್ಟೆ ಎತ್ತುವಂತಿಲ್ಲ. ಅದಕ್ಕೆ ಮೊದಲೇ ಎತ್ತಿದರೆ ಅರ್ಧಂಬರ್ಧ ಕಾವು, ನೋವು ಒಳಗೇ ಉಳಿಯುತ್ತದೆ ಎನ್ನುತ್ತಾರೆ.

"ಸುಡತೈತೇನವ್ವಾ?"

"ಇಲ್ಲತ್ತಿ, ಬೆಚ್ಚಗೂ ಇಲ್ಲ."

"ಎಂಥಾ ಥಂಡಿ ಕುಂತೈತಿ ನೋಡು ಒಳಗ!" ಎಂದು ಅವಳು ಉಪ್ಪನ್ನು ಮತ್ತೆ ಹಂಚಿಗೆ ಸುರಿದಳು. ಮತ್ತೆ ಇಟ್ಟಳು, ಒತ್ತಿ ಹಿಡಿದಳು. "ಈಗ?"

"ಈಗ್ಲೂ ಇಲ್ಲ."

ನಾನು ಸುಳ್ಳು ಹೇಳಲಿಲ್ಲ, ಅವಳು ಕ್ರಮ ತಪ್ಪಲಿಲ್ಲ. ಬಟ್ಟೆ ತೆಗೆದಾಗ ಚರ್ಮ ಬೆಳ್ಳಗೆ, ಬೆಂದ ಆಲೂಗಡ್ಡೆಯ ಸಿಪ್ಪೆಯ ಹಾಗಿತ್ತು. ಸಂಜೆಗೆ ಬೊಬ್ಬೆ ಎದ್ದಿತು. ಬೊಬ್ಬೆ ಒಡೆದು ಹುಣ್ಣಾಯಿತು. ಹುಣ್ಣು ಮಾಯುವ ಬದಲು ತೂತು ಬಿದ್ದಿತು. ಮಾಘ ಕಳೆಯುವ ಹೊತ್ತಿಗೆ ತೂತಿನೊಳಗೆ ಏನೋ ಮಿರಮಿರ ಹೊಳೆಯಿತು. ಅತ್ತೆ ಬಗ್ಗಿ ನೋಡಿದಳು. ಆಮೇಲೆ ಆ ಕಡೆ ಅವಳು ನೋಡಲೇ ಇಲ್ಲ.

ಚೀಲ ತೆಗೆದದ್ದು ಶಿವರಾತ್ರಿಯ ಆಸುಪಾಸಿನಲ್ಲಿ. ತೆಗೆಯುವ ಮುಂಚೆ ಡಾಕ್ಟರು ನಮ್ಮ ಮೂವರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಒಳ್ಳೆಯ ಮನುಷ್ಯ, ಅವಸರ ಮಾಡುತ್ತಿರಲಿಲ್ಲ.

"ಕೀವಾಗಿದೆ ಅಮ್ಮಾ, ಈಗ ಚೀಲ ತೆಗೆದು ತೊಳೆದು ಮುಚ್ಚುತ್ತೇನೆ ಅಷ್ಟೆ. ಈ ಗಾಯದಲ್ಲಿ ಇನ್ನೊಂದು ಇಡುವ ಹಾಗಿಲ್ಲ. ಮಳೆಗಾಲ ಮುಗಿಯಲಿ, ಚರ್ಮ ಮೆತ್ತಗಾಗಲಿ. ಮುಂದೇನು ಅನ್ನುವುದನ್ನು ಆಗ ನೀವೇ ಹೇಳಬೇಕು."

"ಮುಂದ ಏನೇನು ಐತ್ರಿ?" ಎಂದೆ. ನಾನೇ ಗಿರಾಕಿಯಾದರೂ ಸರಿ, ಮಾಲನ್ನೆಲ್ಲ ಹರವಿಸಿ ನೋಡದೆ ಎದ್ದವಳಲ್ಲ.

ಅವರು ಹರವಿದರು. ಮತ್ತೆ ಸಿಲಿಕಾನ್ ಚೀಲ ಇಡಬಹುದು. ಆದರೆ ಸುಟ್ಟ ಚರ್ಮ ತೆಳುವಾಗಿದೆ, ಮೊದಲು ಅದನ್ನು ನಿಧಾನವಾಗಿ ಹಿಗ್ಗಿಸಬೇಕು, ಮತ್ತೆ ಗಟ್ಟಿಯಾಗುವ ಭಯವೂ ಇದ್ದೇ ಇದೆ. ಎರಡನೆಯದು ಬೆನ್ನು: ಕಂಕುಳ ಹಿಂದಿನ ಅಗಲವಾದ ಮಾಂಸವನ್ನು ಚರ್ಮದ ಸಮೇತ ಮುಂದಕ್ಕೆ ತಿರುಗಿಸಿ ತಂದು ಎದೆ ಮಾಡಬಹುದು, ಸಾಲದಿದ್ದರೆ ಅದರ ಕೆಳಗೊಂದು ಸಣ್ಣ ಚೀಲ. ಮೂರನೆಯದು ಹೊಟ್ಟೆ: ಹೊಕ್ಕುಳ ಕೆಳಗಿನ ಕೊಬ್ಬು, ಚರ್ಮ, ಜೊತೆಗಿಷ್ಟು ಮಾಂಸ. ದೊಡ್ಡ ಆಪರೇಷನ್ನು, ಹೆಚ್ಚು ದಿನದ ಮಲಗು. ನಾಲ್ಕನೆಯದು, ಏನನ್ನೂ ಮಾಡದೆ, ಜೋತ ಚರ್ಮವನ್ನು ಮಾತ್ರ ಕತ್ತರಿಸಿ ಚಪ್ಪಟೆಯಾಗಿ ಚೊಕ್ಕ ಹೊಲಿಯುವುದು. ಆಮೇಲೆ ಬೇಕೆಂದಾಗ ಕುಬಸದೊಳಗೆ ಸುಳ್ಳೆದೆ ಇಟ್ಟುಕೊಳ್ಳಬಹುದು. ತೊಡೆಯ ಕೊಬ್ಬನ್ನು ಸೂಜಿಯಲ್ಲಿ ತುಂಬುವುದೊಂದು ಈಗ ಬಂದಿದೆ ಎಂದು ಕೇಳಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಇಂಥ ಹೊತ್ತು ಬಂದರೆ ಅದನ್ನೂ ಕೇಳಿರಿ, ನನ್ನ ಕಾಲಕ್ಕೆ ಅಲ್ಲಿ ಅದಿರಲಿಲ್ಲ.

ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮುಂದೆ ಬಂದಳು. "ಸಾಹೇಬ್ರ, ನನ್ನ ಬೆನ್ನಾಗಿಂದು ತಗೀರಿ. ನನ್ನ ಬೆನ್ನಿಂದ ಇನ್ನೇನು ಆಗಬೇಕಾಗೈತಿ?"

"ಬೇರೆಯವರದು ಹಿಡಿಯುವುದಿಲ್ಲ ಅಜ್ಜೀ. ಅವರದೇ ಮೈಯಿಂದ ಆಗಬೇಕು."

"ನಾನು ಬೇರೇರು ಹೆಂಗ್ರೀ? ಆಕಿ ನನ್ನ ತಮ್ಮನ ಮಗಳು!"

ಡಾಕ್ಟರು ನಗಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ನಂಬಿಕೆ ಬಂತು.

ಆ ಬೇಸಿಗೆ ನಾನು ಮನೆಯಲ್ಲಿ ಬಿದ್ದೆ. ಶೀಟಿನ ಮಾಡು, ಪೇಟೆಯ ಕಡೆಗೆ ಒಂದು ಕಿಟಕಿ. ಲಗ್ನಗಳ ಕಾಲ. ಸೀರೆ ಮಾರುವವಳಿಗೆ ವರ್ಷದ ಅನ್ನ ಹುಟ್ಟುವ ತಿಂಗಳುಗಳು. ಓಲಗದ ಸದ್ದು ಕೇಳಿದಾಗಲೆಲ್ಲ ಯಾವ ಮನೆ, ಯಾರ ಮಗಳು, ಎಷ್ಟು ಸೀರೆ ಬೇಕಾಗಿತ್ತು ಎಂದು ಲೆಕ್ಕ ಹಾಕುತ್ತ ಮಲಗಿರುತ್ತಿದ್ದೆ. ನನ್ನ ಊರುಗಳಿಗೆ ಬೇರೆಯವರು ಗಂಟು ಹೊತ್ತು ಹೋಗಲು ಶುರು ಮಾಡಿದ್ದಾರೆ ಎಂಬ ಸುದ್ದಿಯೂ ಬಂತು. ಎದ್ದು ಬಾಗಿಲ ತನಕ ಬಂದರೆ ಅತ್ತೆ ಅಡ್ಡ ನಿಲ್ಲುತ್ತಿದ್ದಳು. "ಗಾಳಿ ಬಡದೀತು." ಕೊಡ ಮುಟ್ಟಿದರೆ ಕಸಿದುಕೊಳ್ಳುತ್ತಿದ್ದಳು. ರೊಟ್ಟಿ ಬಡಿಯಲು ಕೂತರೆ ಎಬ್ಬಿಸುತ್ತಿದ್ದಳು. ಬಾಣಂತನಕ್ಕೆ ಕರೆಯಲು ಬಂದವರನ್ನು ಕಟ್ಟೆಯಿಂದಲೇ ಹಿಂದೆ ಕಳಿಸಿದಳು. "ನನ್ನ ಕೈ ಕೆಟ್ಟೈತ್ರಿ, ಬ್ಯಾರೇರನ್ನ ನೋಡ್ರಿ." ಆ ಮಾತು ನನಗೆ ಕೇಳಲೆಂದೇ ಜೋರಾಗಿ ಆಡುತ್ತಿದ್ದಳೋ ಏನೋ. ಅವಳ ಆರೈಕೆ ಒಂದು ಜೈಲು. ಅದರಲ್ಲಿ ಅವಳೇ ಪೊಲೀಸು, ಅವಳೇ ಕೈದಿ. ಬೈಯೋಣವೆಂದರೆ ಅವಳು ತಪ್ಪು ಮಾಡಿದ್ದರೆ ತಾನೇ?

ದಿನಕ್ಕೊಮ್ಮೆಯಾದರೂ ಅದೇ ಮಾತು. "ಬೆನ್ನಿಂದ ತಗಸ್ಕೊಂಡ್ಬಿಡು ಕೊಟ್ರಿ. ಮೊದಲಿನಂಗ ಆಗು. ನಾನು ಕಣ್ಣು ಮುಚ್ಚೋದ್ರಾಗ ನಿನ್ನ ಮೊದಲಿನಂಗ ನೋಡಬೇಕು."

ಬೇಡ ಎಂದರೆ ಅವಳು ಸುಟ್ಟದ್ದು ನನ್ನ ಮೈಮೇಲೆ ಬೋರ್ಡು ಬರೆಸಿದ ಹಾಗೆ ಸಾಯುವ ತನಕ ಉಳಿಯುತ್ತದೆ. ಹೂಂ ಎಂದರೆ ನನ್ನ ಬೆನ್ನು ಹೋಗುತ್ತದೆ. ಇದೇ ನಾನು ಆ ವರ್ಷವೆಲ್ಲ ಸಿಕ್ಕಿಕೊಂಡ ಇಕ್ಕಟ್ಟು.

ನಮ್ಮ ಮನೆಯವರನ್ನು ಕೇಳಿದೆ. ಮಿಷನ್ನಿನಿಂದ ತಲೆ ಎತ್ತದೆ, "ನಿನಗ ಹೆಂಗ ಬೇಕೋ ಹಂಗ ಮಾಡು" ಎಂದರು.

"ನಿಮಗ ಹೆಂಗ ಬೇಕು? ಅದನ್ನ ಹೇಳ್ರಿ."

"ನಂದೇನೈತಿ ಅದರಾಗ?"

ನಿಮ್ಮ ಇಷ್ಟ ಎನ್ನುವ ಗಿರಾಕಿಯಷ್ಟು ಕಷ್ಟದವರು ಯಾರೂ ಇಲ್ಲ. ಬೇಡ ಎಂದರೆ ಬೇರೆ ತೋರಿಸಬಹುದು, ಕಡಿಮೆ ಮಾಡು ಎಂದರೆ ಜಗ್ಗಾಡಬಹುದು. ಇವರ ಮುಂದೆ ಗಂಟು ಬಿಚ್ಚಿಕೊಂಡು ಕೂತೇ ಇರಬೇಕು. ಆದರೆ ಮಾರನೆಯ ವಾರ ಅವರೊಂದು ಸಣ್ಣ ದಿಂಬು ಹೊಲಿದು ನನ್ನ ಹಾಸಿಗೆಯ ಮೇಲಿಟ್ಟು ಹೋದರು. ಮೆತ್ತನೆಯ ಮಲ್ಲಿನ ಬಟ್ಟೆ, ಒಳಗೆ ನವಣೆ. ಎಡಗಡೆ ಹಗುರಾಗಿ ನಾನು ಭುಜ ಎತ್ತಿ ನಡೆಯುತ್ತಿದ್ದುದನ್ನು ನೋಡಿದ್ದರು. ತೂಕ ಸರಿಸಮ ಮಾಡಿದ್ದರು. ಕುಬಸದೊಳಗೆ ಹೊಲಿದ ಜೇಬಿಗೆ ಅದು ಸರಿಯಾಗಿ ಕೂತಿತು. ಊರಿನ ಹೆಂಗಸರ ಅಳತೆಯೆಲ್ಲ ಕೈಯಲ್ಲಿರುವ ಮನುಷ್ಯ, ಹೆಂಡತಿಯದು ಟೇಪು ಹಿಡಿಯದೆಯೇ ಗೊತ್ತಿತ್ತು.

ಅದನ್ನು ಇಟ್ಟುಕೊಂಡ ಹೊಸತರಲ್ಲಿ ಅರಸೀಕೆರೆಯ ಶಾಂತಕ್ಕ ನೋಡಲು ಬಂದಳು. ನನ್ನ ಹಳೇ ಗಿರಾಕಿ, ಬಾಯಿ ಜೋರು. ಉಳಿದವರು ನನ್ನ ಎದೆಯತ್ತ ಒಮ್ಮೆ ನೋಡಿ ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಮಾತಾಡುತ್ತಿದ್ದರು. ಇವಳು ನೆಟ್ಟಗೆ ಕೇಳಿದಳು.

"ಯಾವುದವ್ವಾ ಖರೇದು, ಯಾವುದು ಸುಳ್ಳುದು?"

"ನೀನ ಆರಿಸು. ಸೀರಿ ಆರಿಸಾಕ ಒಪ್ಪೊತ್ತು ಕುಂದರತಿದ್ದೆಲ್ಲ."

ಅವಳು ಬೆರಳು ತೋರಿಸಿದ್ದು ಬಲಗಡೆಗೆ. "ಇದು ಜರಾ ಇಳದೈತಿ. ಇದ ಸುಳ್ಳು." ಆ ತಿಂಗಳುಗಳಲ್ಲಿ ನಾನು ಹೊಟ್ಟೆ ಹಿಡಿದು ನಕ್ಕಿದ್ದು ಅವತ್ತೊಂದೇ. ಹೋಗುವಾಗ ಬಾಗಿಲಲ್ಲಿ ನಿಂತು, "ಲಗೂನ ಬಾರ ಮಾರಾಯ್ತಿ. ಆ ಹೊಸಾಕಿ ಬಣ್ಣ ಹೋಗೋ ಸೀರಿ ತರ್ತಾಳ" ಎಂದಳು. ಆಸ್ಪತ್ರೆಯ ಯಾವ ಔಷಧಿಯೂ ನನಗೆ ಅಷ್ಟು ಹತ್ತಿರಲಿಲ್ಲ.

ಮುಂಗಾರಿನ ಒಂದು ಮಳೆಗೆ ಹಿತ್ತಲಲ್ಲಿ ಒಣಹಾಕಿದ್ದ ನವಣೆಯ ದಿಂಬು ತೊಯ್ದಿತು. ತಂದು ಮೊಳೆಗೆ ತೂಗುಹಾಕಿ ಮರೆತಿದ್ದೆವು. ಕೆಲವು ದಿನ ಬಿಟ್ಟು ನೋಡಿದರೆ ಬಟ್ಟೆಯ ಎಳೆಗಳ ನಡುವಿನಿಂದ ಬಿಳಿ ಮೊಳಕೆಗಳು ಹೊರಗೆ ಬಂದಿದ್ದವು. ಅತ್ತೆ ಕೈ ಮುಗಿದುಬಿಟ್ಟಳು. "ನೋಡು, ದೇವರು ಹೇಳಾಕತ್ಯಾನ! ಮತ್ತ ಬೆಳಿತೈತಿ ಅಂತಾನ!"

"ದೇವರಲ್ಲತ್ತಿ, ಹಸೀದು ಒಣಗಿಸ್ಲಿಲ್ಲ ನಾವು" ಎಂದೆ. ಅವಳ ಮುಖ ಬಾಡಿತು. ಇನ್ನೊಂದು ದಿಂಬಿಗೆ ನಮ್ಮ ಮನೆಯವರು ನವಣೆಯನ್ನು ಹುರಿದು ತುಂಬಿದರು. ನೀವೂ ಹಾಗೆ ಮಾಡುವುದಾದರೆ ಹುರಿದೇ ತುಂಬಿರಿ, ವಾರಕ್ಕೊಮ್ಮೆ ಬಿಸಿಲಿಗೆ ಹಾಕಿರಿ, ಇಲ್ಲವಾದರೆ ಹುಳ ಬೀಳುತ್ತದೆ.

ಆಷಾಢ ಬಂತು. ನಮ್ಮ ಕಡೆ ಆಷಾಢವೆಂದರೆ ಮಳೆಗಿಂತ ಗಾಳಿ ಜಾಸ್ತಿ. ಶೀಟು ಕಿತ್ತುಹೋಗುವ ಹಾಗೆ ಬಡಿಯುತ್ತಿತ್ತು, ಕಿಟಕಿಯ ಸಂದಿಯಿಂದ ಕೆಂಧೂಳು ನುಗ್ಗುತ್ತಿತ್ತು. ಒಂದು ಮಧ್ಯಾಹ್ನ ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಮೂಲೆಯಲ್ಲಿದ್ದ ಗಂಟಿನ ಮೇಲೆ ಧೂಳು ಕೂತಿತ್ತು. ಬಿಚ್ಚಿ, ಅರ್ಧ ಸೀರೆ ತೆಗೆದಿಟ್ಟು, ಮತ್ತೆ ಬಿಗಿದು ಕಟ್ಟಿದೆ. ಕೈಗೆ ಸ್ವಲ್ಪ ಸ್ವಲ್ಪ ಕೆಲಸ ಕೊಡಿ ಎಂದು ಡಾಕ್ಟರು ಅಷ್ಟರಲ್ಲಿ ಹೇಳಿದ್ದರು. ಎಡಗೈಯಿಂದ ಗಂಟನ್ನು ಮಂಡಿಗೆ ತಂದೆ, ಮಂಡಿಯಿಂದ ಭುಜಕ್ಕೆ, ಭುಜದಿಂದ ಅಟ್ಟದ ಅಂಚಿಗೆ. ಬಸ್ಸಿನ ಮೇಲೇರಿಸುವುದೂ ಹಾಗೆಯೇ. ಹಾಗೆ ಮೇಲಕ್ಕೆ ದಬ್ಬಿ ಹಿಡಿದಾಗ ಬಲಗೈಯನ್ನು ಎಡ ಕಂಕುಳ ಹಿಂದಕ್ಕೆ ಹಾಕಿ ಮುಟ್ಟಿ ನೋಡಿದೆ. ಚರ್ಮದ ಕೆಳಗೆ ಒಂದು ಪಟ್ಟಿ ಹಗ್ಗದಂತೆ ಬಿಗಿದು ನಿಂತಿತ್ತು. ಕೈ ಇಳಿಸಿದೆ, ಸಡಿಲವಾಯಿತು. ಎತ್ತಿದೆ, ಬಿಗಿಯಿತು. ಡಾಕ್ಟರು ಎದೆಗೆ ತಿರುಗಿಸುತ್ತೇನೆ ಎಂದಿದ್ದ ಮಾಂಸ ಇದೇ. ತಲೆಯ ಮೇಲೆ ಗಂಟಿಟ್ಟು ಬಸ್ಸು ಹತ್ತಿಸಿ, ಇಳಿಸಿ, ನಮ್ಮ ಮೂವರ ಅನ್ನ ತಂದದ್ದು ಇದೇ.

ಗಂಟನ್ನು ಇಳಿಸಿ, ಬಿಚ್ಚಿ, ಅತ್ತೆ ಬರುವುದರೊಳಗೆ ಮೊದಲಿನ ಹಾಗೆ ಕಟ್ಟಿಟ್ಟೆ. ನನ್ನದೇ ಮನೆಯಲ್ಲಿ ಕಳ್ಳಿಯ ಹಾಗೆ. ತೀರ್ಮಾನ ಆಗಿಹೋಗಿತ್ತು, ಬಾಯಿ ಮಾತ್ರ ಬರುತ್ತಿರಲಿಲ್ಲ.

ಶ್ರಾವಣ ಹೋಯಿತು, ಭಾದ್ರಪದ ಹೋಯಿತು. ಅತ್ತೆ ಆಗಲೇ ಓಣಿಯಲ್ಲಿ, "ನಮ್ಮ ಕೊಟ್ರಿಗೆ ಬೆನ್ನಿಂದ ಮಾಡ್ತಾರ" ಎಂದು ಹೇಳಿಕೊಂಡು ಬಂದಿದ್ದಳು. ಮಾತು ಹೀಗೆ ಹತ್ತು ಬಾಯಿಗೆ ಹೋದ ಮೇಲೆ ಹಿಂದೆ ತೆಗೆದುಕೊಳ್ಳುವುದು ಎಷ್ಟು ಕಷ್ಟ ಎಂದು ವ್ಯಾಪಾರದವರಿಗೆ ಗೊತ್ತು. ದಸರಾ ಮುಗಿಸಿ ಮೂವರೂ ದಾವಣಗೆರೆಗೆ ಹೋದೆವು.

ಡಾಕ್ಟರು ಕೇಳುವ ಮೊದಲೇ ಅತ್ತೆ, "ಬೆನ್ನಿಂದ ಮಾಡ್ರಿ ಸಾಹೇಬ್ರ" ಎಂದಳು.

"ಅವರು ಹೇಳಲಿ ಅಜ್ಜೀ."

ನಾನು ಕೇಳಿದೆ. "ಬೆನ್ನಿಂದು ತಗದ್ರ ನಾನು ಬಸ್ಸಿನ ಮ್ಯಾಲೆ ಗಂಟು ಏರಸ್ತೀನೇನ್ರಿ?"

ಅವರು ಪೆನ್ನು ಕೆಳಗಿಟ್ಟರು. "ಮನೆಗೆಲಸ, ಅಡಿಗೆ, ಓಡಾಟ ಎಲ್ಲ ಮಾಡಬಹುದು. ಬಹಳ ಜನಕ್ಕೆ ವ್ಯತ್ಯಾಸವೇ ತಿಳಿಯುವುದಿಲ್ಲ. ಆದರೆ ತಲೆಯ ಮೇಲಕ್ಕೆ ಭಾರ ಎತ್ತುವುದೇ ನಿಮ್ಮ ಕೆಲಸವಾದರೆ, ಮೊದಲಿನಷ್ಟೇ ಬಲ ಇರುತ್ತದೆ ಅಂತ ನಾನು ಮಾತು ಕೊಡಲಾರೆ."

"ಹೊಟ್ಟಿಂದು?"

"ಹೊಟ್ಟೆಯ ಗೋಡೆ ಸಡಿಲಾಗಬಹುದು. ಭಾರ ಹೊರುವವರಿಗೆ ಅಲ್ಲೂ ನಾನು ಯೋಚನೆ ಮಾಡುತ್ತೇನೆ."

"ಹಂಗಾರ ಚಪ್ಪಟಿ ಹೊಲ್ದುಬಿಡ್ರಿ. ಚೊಕ್ಕಾಗಿ ಹೊಲೀರಿ, ಮಡಿಕಿ ಬೀಳಬಾರದು."

ನಮ್ಮ ಮನೆಯವರು ನನ್ನ ಕಡೆ ನೋಡಿ ತಲೆ ಆಡಿಸಿದರು. ಹೂಂ ಎಂಬಂತಿತ್ತು. ಅತ್ತೆ ಎದ್ದು ಹೊರಗೆ ಹೋದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು. ಹರಪನಹಳ್ಳಿಯಲ್ಲಿ ಇಳಿದು ಬಸ್ಸು ಬದಲಿಸುವಾಗ ನಾನು ಕೈ ಹಿಡಿಯಲು ಹೋದರೆ ಕೊಸರಿಕೊಂಡಳು. "ನಾನು ಸತ್ತ ಮ್ಯಾಲೂ ಮಂದಿ ಅದನ್ನ ನೋಡಿ ನನ್ನ ಹೆಸರು ಹೇಳ್ಲಿ ಅಂತ ಮಾಡಿದಿ."

"ಕುಬಸ ಬಿಚ್ಚಿ ಯಾರಿಗೆ ತೋರಿಸ್ಲತ್ತಿ ನಾನು?"

"ನನಗ ಕಾಣತೈತಲ್ಲ."

ಎಂಥೆಂಥವರ ಹತ್ತಿರ ಜಗ್ಗಾಡಿ ಗೆದ್ದವಳು ನಾನು. ಆದರೆ ಅವಳಿಗೆ ಬೇಕಾದ ಬೆಲೆ ನನ್ನ ಬೆನ್ನೇ ಆಗಿತ್ತು. ಅದನ್ನು ಕೊಡುವಂತಿರಲಿಲ್ಲ, ಕಡಿಮೆ ಮಾಡಿಸುವಂತೆಯೂ ಇರಲಿಲ್ಲ.

ದೀಪಾವಳಿಗೆ ಮೊದಲು ಆಪರೇಷನ್ನಾಯಿತು. ಸುಟ್ಟ ಜಾಗ, ಜೋತ ಚರ್ಮ ಎಲ್ಲ ತೆಗೆದು ಒಂದೇ ಗೆರೆಯಲ್ಲಿ ಮುಚ್ಚಿದರು. ಅತ್ತೆ ಆಸ್ಪತ್ರೆಗೆ ಬರಲಿಲ್ಲ. ಮನೆಗೆ ಬಂದ ಮೇಲೂ ಊಟ ಇಟ್ಟವಳೇ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಹೊಲಿಗೆ ಬಿಚ್ಚಿ, ಇನ್ನು ನೀರು ಹಾಕಿಕೊಳ್ಳಬಹುದು ಎಂದು ಹೇಳಿದ ದಿನ ನಾನು ಬಚ್ಚಲಿಗೆ ಹೋಗಿ ಕೂತೆ. ಎಡಗೈ ಇನ್ನೂ ತಲೆಯ ತನಕ ಸಲೀಸಾಗಿ ಏಳುತ್ತಿರಲಿಲ್ಲ. ಅತ್ತಿ ಎಂದು ಕರೆದೆ. ಇನ್ನೊಮ್ಮೆ ಕರೆದೆ. ಬಂದು ಬಾಗಿಲಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತಳು.

"ನೀರು ಹಾಕು."

"ನಿನ್ನ ಗಂಡನ್ನ ಕರಿತೀನಿ."

"ನೀನ ಹಾಕು. ಹುಟ್ಟಿದಾಗ ನನಗ ಮೊದಲ ನೀರು ಹಾಕಿದಾಕಿ ನೀನ ಅಂತ ನಮ್ಮಪ್ಪ ಹೇಳತಿದ್ದ. ಈಗ ನಾಚಿಗಿ ಬಂತೇನು?"

ತಿರುಗಿದಳು. ಮೊದಲು ನನ್ನ ಮುಖ ನೋಡಿದಳು, ಆಮೇಲೆ ಕೆಳಗೆ. ಬಹಳ ಹೊತ್ತು ನೋಡಿದಳು. ಹತ್ತಿರ ಬಂದು ಕುಕ್ಕುರುಗಾಲಲ್ಲಿ ಕೂತು, ಟೇಲರನ ತಾಯಿಯಲ್ಲವೇ, ಕುಬಸದ ಅಂಚು ನೋಡುವ ಹಾಗೆ ಆ ಗೆರೆಯ ಮೇಲೆ ಈ ತುದಿಯಿಂದ ಆ ತುದಿಗೆ ಬೆರಳು ಎಳೆದಳು.

"ಚೊಕ್ಕ ಹೊಲ್ದಾನ" ಎಂದಳು. "ನನ್ನ ಮಗಗ ಬರಂಗಿಲ್ಲ ಇಂಥಾ ಹೊಲಿಗಿ."

ಆಮೇಲೆ ಇಡೀ ಅಂಗೈಯನ್ನು ಅಲ್ಲಿಟ್ಟಳು. ಮುಟ್ಟಿದ್ದು ನನಗೆ ತಿಳಿಯಲಿಲ್ಲ. ಬಗ್ಗಿ ನೋಡಿದ್ದರಿಂದ ಮಾತ್ರ ಅವಳ ಕೈ ಅಲ್ಲಿದೆ ಎಂದು ಗೊತ್ತಾಯಿತು. ಅವಳು ತೆಗೆಯುವ ತನಕ ನಾನು ಹಾಗೇ ನೋಡುತ್ತ ಕೂತೆ.